ಎಡಮೂಲೆಯ ಭಾರ

ಕಡ್ಡಿಯಂಥ ಆಳಿಗೆ ಗುಂಡಣ್ಣ ಎಂಬ ಹೆಸರು ಹೇಗೆ ಬಂತು ಎಂದು ಹೊಸಬರೆಲ್ಲ ನನ್ನನ್ನು ಕೇಳುತ್ತಿದ್ದರು. ನನ್ನ ಹೊಲಿಗೆ ಅಂಗಡಿ ಐದನೇ ಮಹಡಿಯಲ್ಲಿ, ಲಿಫ್ಟಿನ ಬಾಗಿಲಿಗೆ ಎದುರಾಗಿಯೇ ಇತ್ತು. ಲಿಫ್ಟಿನಲ್ಲಿ ಆ ಮಹಡಿಗೆ ಯಾರು ಬಂದರು, ಯಾರು ಹೋದರು ಎಲ್ಲವೂ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಹೆಸರಿನ ಗುಟ್ಟು ಅವನ ಚೀಲದಲ್ಲಿದ್ದ ಹಿತ್ತಾಳೆಯ ತೂಗುಗುಂಡು. ಲಿಫ್ಟ್ ಓಡಾಡುವ ಬಾವಿಯಂಥ ಸಂದಿಗೆ ಮೇಲಿನಿಂದ ತಂತಿ ಇಳಿಬಿಟ್ಟು, ತುದಿಗೆ ಆ ಗುಂಡು ಕಟ್ಟಿ, ಅದರ ತೂಗಾಟ ನಿಲ್ಲುವ ತನಕ ಬಂದ ಕೆಮ್ಮನ್ನೂ ನುಂಗಿಕೊಂಡು ಕಾಯುತ್ತಿದ್ದ. ತಂತಿಗೂ ಲಿಫ್ಟ್ ಜಾರುವ ಹಳಿಗೂ ನಡುವಿನ ಅಂತರ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದ್ದರೆ ಅವತ್ತು ಅವನ ಮುಖ ಅರಳುತ್ತಿತ್ತು.

ಅವನ ಕಸುಬೇ ಆ ಹಳಿಗಳದು. ಲಿಫ್ಟ್ ಅಂದರೆ ಎಲ್ಲರಿಗೂ ಕಾಣುವುದು ಹಗ್ಗ. ಅದು ಹರಿದರೆ ಗತಿಯೇನು ಅನ್ನುವ ಹೆದರಿಕೆ. ಗುಂಡಣ್ಣನಿಗೆ ಆ ಮಾತು ಕೇಳಿದರೆ ನಗು.

"ಹಗ್ಗ ಎಳೆಯೋ ಕೆಲಸ ಮಾಡುತ್ತೆ ಅಷ್ಟೆ ಮಾಸ್ಟರ್. ಆ ಕಡೆ ಈ ಕಡೆ ಓಲಾಡದ ಹಾಗೆ ಹಿಡ್ಕೊಳ್ಳೋದು ಹಳಿ. ಹಳಿ ಇಲ್ದಿದ್ರೆ ಲಿಫ್ಟು ಬಾವಿಯೊಳಗಿನ ಕೊಡ ಇದ್ದಂಗೆ, ಗೋಡೆಗೆಲ್ಲ ಬಡ್ಕೊಂಡು ಬರುತ್ತೆ."

ಜನ ನಿಲ್ಲುವ ಡಬ್ಬಿಯ ಎರಡೂ ಪಕ್ಕ, ಮೇಲೊಂದು ಕೆಳಗೊಂದು, 'ಶೂ' ಎಂದು ಅವರು ಕರೆಯುವ ಹಿಡಿತಗಳಿರುತ್ತವೆ. ಅವು ಉಕ್ಕಿನ ಹಳಿಯನ್ನು ತಬ್ಬಿಕೊಂಡು ಜಾರುತ್ತವೆ. ಶೂ ಒಳಗೊಂದು ನೈಲಾನ್ ಪಟ್ಟಿ. ಹಳಿ ಸವೆಯಬಾರದೆಂದು ಸವೆತವನ್ನೆಲ್ಲ ತಾನೇ ತಿನ್ನುವಂಥದ್ದು. ಇದನ್ನೆಲ್ಲ ನಾನು ಕಲಿತದ್ದು ಗುಂಡಣ್ಣ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ಹೇಳಿದ ಮಾತುಗಳಿಂದಲೇ.

ಅವನು ನಮ್ಮ ಕಟ್ಟಡಕ್ಕೆ ಮೊದಲು ಬಂದದ್ದು ಒಂದು ದೂರಿನ ಮೇಲೆ. ದೂರು ಕೊಟ್ಟವಳು ನಾವೆಲ್ಲ ಲಿಫ್ಟ್ ಅಕ್ಕ ಎಂದು ಕರೆಯುತ್ತಿದ್ದವಳು. ಆಗ ನಮ್ಮಲ್ಲಿ ಜಾಲರಿ ಗೇಟಿನ ಹಳೇ ಲಿಫ್ಟ್ ಇತ್ತು. ಅದರ ಎಡಮೂಲೆಯಲ್ಲಿ, ಬಟನ್‌ಗಳ ಪಕ್ಕ, ಸ್ಟೂಲ್ ಹಾಕಿಕೊಂಡು ಅಕ್ಕ ಕೂತಿರುತ್ತಿದ್ದಳು. ಗೇಟು ಎಳೆಯುವುದು, ಯಾವ ಮಹಡಿ ಎಂದು ಕೇಳುವುದು, ಚಿಕ್ಕಮಕ್ಕಳ ಆಸ್ಪತ್ರೆಗೆ ಬಂದ ಕೂಸುಗಳ ಕೆನ್ನೆ ಹಿಂಡುವುದು ಅವಳ ಕೆಲಸ. ಮೂರನೆಯ ಮಹಡಿ ದಾಟುತ್ತಿದ್ದ ಹಾಗೆ ಲಿಫ್ಟ್ ಒಮ್ಮೆ ಪಕ್ಕಕ್ಕೆ ಒದೆಯುತ್ತದೆ, ಕೈಯಲ್ಲಿದ್ದ ಚಹಾ ಸೀರೆ ಮೇಲೆ ಚೆಲ್ಲುತ್ತದೆ ಎಂಬುದು ಅವಳ ದೂರು.

ಗುಂಡಣ್ಣ ಲೋಟದ ತುಂಬ ನೀರು ಹಿಡಿದುಕೊಂಡು ಅವಳೆದುರು ನಿಂತು ಮೇಲೆ ಕೆಳಗೆ ಓಡಾಡಿದ. ಎರಡು ಹಳಿಗಳು ಕೂಡುವ ಕಡೆ ಕೂದಲೆಳೆಯಷ್ಟು ಮೆಟ್ಟಿಲಾಗಿತ್ತು. ಅದನ್ನು ಅರದಿಂದ ತೀಡಿ ಸರಿಮಾಡಿದ. ಮತ್ತೆ ನೀರು ತುಂಬಿಕೊಂಡು ಬಂದ. ಹನಿ ಚೆಲ್ಲಲಿಲ್ಲ.

"ಈಗ ಸರಿಯಾಯ್ತಾ?" ಎಂದು ಕೇಳಿದ.

"ನೀರು ಸರಿಯಾಯ್ತು. ಚಹಾ ಹಿಡ್ಕೊಂಡು ನೋಡ್ಬೇಕಲ್ಲ" ಎಂದಳು ಅಕ್ಕ.

ಆಮೇಲೆ ದೂರಿಲ್ಲದಿದ್ದರೂ ಎಣ್ಣೆ ಹಾಕುವ ನೆಪದಲ್ಲಿ ಅವನು ಬರತೊಡಗಿದ. ಯಾವ ಲಿಫ್ಟಿಗೂ ಅಷ್ಟು ಎಣ್ಣೆ ಬೇಕಾಗುವುದಿಲ್ಲ ಎಂದು ನಾವೆಲ್ಲ ಮುಸಿಮುಸಿ ನಕ್ಕೆವು. ವರ್ಷ ತುಂಬುವ ಮೊದಲೇ ಮದುವೆಯಾಯಿತು. ಅವನ ಕೋಟು ಹೊಲಿದವನು ನಾನೇ. ಭುಜಕ್ಕೆ ಸರಿಯಾಗಿ ಕೂರಿಸಲು ಹತ್ತಿ ತುಂಬಬೇಕಾಯಿತು, ಅಷ್ಟು ಬಡಕಲು.

ಮದುವೆಯಾದ ಮೇಲೆ ಅವರ ಜಗಳವೆಲ್ಲ ಲಿಫ್ಟಿನದೇ. ಒಂದು ಮೂಲೆಗೆ ಸದಾ ಭಾರ ಬಿದ್ದರೆ ಡಬ್ಬಿ ಕೊಂಚ ಓರೆಯಾಗಿ ತೂಗುತ್ತದೆ. ಆಗ ಎಡಗಡೆಯ ಮೇಲಿನ ಶೂ, ಬಲಗಡೆಯ ಕೆಳಗಿನ ಶೂ, ಇವೆರಡೇ ಬೇಗ ಸವೆಯುತ್ತವೆ. ಉಳಿದೆರಡು ಹೊಸದಾಗಿಯೇ ಇರುತ್ತವೆ. ಅಕ್ಕ ಕೂರುವುದು ಎಡಮೂಲೆ. ಪಟ್ಟಿ ಬದಲಿಸುವಾಗೆಲ್ಲ ಗುಂಡಣ್ಣ ರೇಗಿಸುತ್ತಿದ್ದ.

"ನೋಡೇ, ನಿನ್ನ ಭಾರಕ್ಕೆ ನನ್ನ ಶೂ ಉಳೀತಿಲ್ಲ. ಸ್ವಲ್ಪ ನಡುವೆ ಕೂತ್ಕೋಬಾರ್ದಾ?"

"ಬಟನ್‌ನ ಲಿಫ್ಟಿನ ನಡುವೆ ಹಾಕಿಸ್ಕೊಡಿ, ಕೂತ್ಕೋತೀನಿ. ಮನೇಲಿ ಅಡುಗೆಗೆ ಹೊಗಳ್ತೀರಿ, ಇಲ್ಲಿ ಬಂದು ಭಾರ ಅಂತೀರಿ."

ಅವರಿಗೊಬ್ಬಳು ಮಗಳು ಹುಟ್ಟಿದಳು. ಲಿಫ್ಟಿನಲ್ಲೇ ಅಮ್ಮನ ಕಾಲ ಬಳಿ ಕೂತು ಅಕ್ಷರ ಕಲಿತಳು. ದೊಡ್ಡವಳಾಗಿ ಅದೇ ಕಟ್ಟಡದ ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು.

ಅಕ್ಕ ಸತ್ತದ್ದು ಒಂದು ಮಧ್ಯಾಹ್ನ. ಜ್ವರದ ಮಗುವೊಂದನ್ನು ನಾಲ್ಕನೆಯ ಮಹಡಿಗೆ ಬಿಟ್ಟು, ಗೇಟು ಎಳೆದುಕೊಂಡು ಕೆಳಗೆ ಬಂದಳು. ಕೆಳಗೆ ಕಾಯುತ್ತಿದ್ದವರಿಗೆ ಗೇಟು ತೆರೆಯಲಿಲ್ಲ. ಮೂಲೆಗೆ ತಲೆಯಾನಿಸಿ ಕೂತವಳನ್ನು ಜಾಲರಿಯಲ್ಲಿ ನೋಡಿ, ಮಂಪರು ಹತ್ತಿರಬೇಕು ಎಂದು ಯಾರೋ ನಕ್ಕರಂತೆ. ಕಾವಲುಗಾರ ಮೆಲ್ಲಗೆ ಕರೆದ, ಆಮೇಲೆ ಕೂಗಿದ. ಕನ್ನಡಕದ ಅಂಗಡಿಯಿಂದ ಮಗಳು ಓಡಿ ಬಂದು ಜಾಲರಿಯೊಳಗೆ ಕೈ ತೂರಿಸಿ ಅಮ್ಮನ ಭುಜ ಮುಟ್ಟಿದಳು. ಗುಂಡಣ್ಣ ಊರಿನ ಇನ್ನೊಂದು ತುದಿಯಲ್ಲಿ ಯಾವುದೋ ಹೊಸ ಕಟ್ಟಡದ ಹಳಿ ಕೂರಿಸುತ್ತಿದ್ದ. ಅವನು ಬರುವಷ್ಟರಲ್ಲಿ ಅವಳನ್ನು ನನ್ನ ಅಂಗಡಿಯ ಬಿಳಿ ಬಟ್ಟೆ ಹಾಸಿ ಮಲಗಿಸಿದ್ದೆವು. ಹೃದಯ ನಿಂತಿತ್ತು ಎಂದರು ಡಾಕ್ಟರು.

ಅದಾದ ಮೇಲೆ ಓನರು ಜಾಲರಿ ತೆಗೆಸಿ, ತಾನೇ ತೆರೆದು ಮುಚ್ಚುವ ಬಾಗಿಲು ಹಾಕಿಸಿದರು. ಸ್ಟೂಲು ಹೋಯಿತು. ಬಂದವರು ತಾವೇ ಬಟನ್ ಒತ್ತಿಕೊಂಡು ಹೋಗಬೇಕಾಯಿತು. ಲಿಫ್ಟಿನ ಉಸ್ತುವಾರಿ ಮಾತ್ರ ಗುಂಡಣ್ಣನದೇ ಆಗಿ ಉಳಿಯಿತು. ಬೇರೆಯವರಿಗೆ ಕೊಡುತ್ತೇನೆ ಎಂದು ಓನರು ಹೇಳಿದರೂ ಅವನು ಒಪ್ಪಲಿಲ್ಲ.

ಕೆಲವು ತಿಂಗಳ ನಂತರ ಒಂದು ದಿನ ಅವನು ನನ್ನ ಬೆಂಚಿನ ಮೇಲೆ ಬಂದು ಕೂತ. ಕೈಯಲ್ಲಿ ಸವೆದ ಎರಡು ನೈಲಾನ್ ಪಟ್ಟಿಗಳು.

"ಮಾಸ್ಟರ್, ಇವು ಎಲ್ಲಿಯವು ಹೇಳು."

"ನನಗೇನು ಗೊತ್ತಪ್ಪ?"

"ಎಡಗಡೆ ಮೇಲಿನದು, ಬಲಗಡೆ ಕೆಳಗಿನದು. ಅವಳು ಹೋದ ಮೇಲೆ ನಾಲ್ಕೂ ಹೊಸದು ಹಾಕಿದ್ದೆ. ಉಳಿದೆರಡಕ್ಕೆ ಗೀರೂ ಬಿದ್ದಿಲ್ಲ."

ನಾನು ಕತ್ತರಿ ಕೆಳಗಿಟ್ಟು ಲಿಫ್ಟಿನ ಬಾಗಿಲಿನತ್ತ ನೋಡಿದೆ. ಅವನು ಮಾತ್ರ ಮುಖ ಗಂಟಿಕ್ಕಿಕೊಂಡು ಲೆಕ್ಕ ಹಾಕುತ್ತಿದ್ದ. ಹಳಿ ಬಾಗಿರಬೇಕು, ಹಗ್ಗ ನಡುವಿನಿಂದ ಸರಿದಿರಬೇಕು, ಏನೋ ಇದ್ದೇ ಇದೆ ಎಂದ. ಭಾನುವಾರ ಇಡೀ ಹಗಲು ತಂತಿ ಇಳಿಬಿಟ್ಟು ಅಳೆದ. ಹಳಿ ನೆಟ್ಟಗಿತ್ತು. ಹಗ್ಗ ನಟ್ಟನಡುವೆ ಇತ್ತು. ಗೋಡೆಗೆ ಬಿಗಿದ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಕೊನೆಗೆ ಡಬ್ಬಿಯ ಅಡಿಗೆ, ಬಲಗಡೆಗೆ, ಕಬ್ಬಿಣದ ತುಂಡುಗಳನ್ನು ಬಿಗಿದು ಆ ಕಡೆಯ ತೂಕ ಹೆಚ್ಚಿಸಿದ. ನಿಯಮದ ಪ್ರಕಾರ ಈಗ ಬಲಕ್ಕೆ ವಾಲಬೇಕು. ಮುಂದಿನ ಸಲ ಬಿಚ್ಚಿ ನೋಡಿದಾಗ ಸವೆದದ್ದು ಅವೇ ಎರಡು.

ಅಷ್ಟರಲ್ಲಿ ಕಟ್ಟಡದಲ್ಲಿ ಗುಸುಗುಸು ಶುರುವಾಗಿತ್ತು. ಒಬ್ಬರೇ ಹೋಗುವಾಗ ಪಕ್ಕದಲ್ಲಿ ಯಾರೋ ಕೂತ ಜಾಗ ಬದಲಿಸಿದ ಹಾಗೆ ಲಿಫ್ಟ್ ಮೆಲ್ಲಗೆ ಎಡಕ್ಕೆ ಒರಗುತ್ತದೆ ಎಂದು ಹೇಳಿ ಚಿಕ್ಕಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಹುಡುಗಿ ಮೆಟ್ಟಿಲು ಹತ್ತಲು ಶುರುಮಾಡಿದಳು. ಖಾಲಿ ಲಿಫ್ಟ್ ಕೆಳಗೆ ಬಂದಾಗ ಬಾಗಿಲು ತೆರೆಯುವ ಮುನ್ನ ಒಂದು ಉಸಿರಿನಷ್ಟು ತಡೆಯುತ್ತದೆ ಎಂದ ಕಾವಲುಗಾರ. ನನಗೂ ಅನುಭವವಾಗಿತ್ತು. ಮೂಲೆಯಲ್ಲಿ ಸೀರೆ ಸರಿದಂಥ ಸದ್ದು. ಶೂ ಹಳಿಗೆ ಉಜ್ಜುವ ಸದ್ದದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡೂ ಆ ಮೂಲೆಯಲ್ಲಿ ನಿಲ್ಲಲು ಕಾಲು ಬರಲಿಲ್ಲ. ನಾನೊಬ್ಬನೇ ಅಲ್ಲ. ಲಿಫ್ಟ್ ಕಿಕ್ಕಿರಿದಿದ್ದರೂ ಅಷ್ಟು ಜಾಗವನ್ನು ಜನ ಬಿಟ್ಟೇ ನಿಲ್ಲುತ್ತಿದ್ದರು.

ಮಗಳು ಅಮ್ಮ ಸತ್ತಂದಿನಿಂದ ಲಿಫ್ಟಿಗೆ ಕಾಲಿಟ್ಟಿರಲಿಲ್ಲ. ಅತ್ತದ್ದನ್ನೂ ಯಾರೂ ನೋಡಿರಲಿಲ್ಲ. ಒಂದು ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನನ್ನಲ್ಲಿಗೆ ಬಂದಳು.

"ಮಾಮ, ಅಪ್ಪಂಗೆ ಸ್ವಲ್ಪ ಹೇಳಿ. ಕೆಲಸ ಮುಗಿಸ್ಕೊಂಡು ಸೀದಾ ಇಲ್ಲಿಗೆ ಬರ್ತಾನೆ. ಲಿಫ್ಟೊಳಗೆ ನಿಂತ್ಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ. ಮನೇಲಿ ಊಟ ಆರಿ ಹೋಗುತ್ತೆ."

ನಾನು ಹೇಳಲಿಲ್ಲ. ಅವನು ಬಲಮೂಲೆಯಲ್ಲಿ ನಿಂತು, ಗೋಡೆಗೆ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ಹೋಗುವುದನ್ನು ನಾನೂ ನೋಡಿದ್ದೆ. ಆ ಮುಖವನ್ನು ನೋಡಿದ ಮೇಲೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅನಾಹುತವಾದದ್ದು ಮಳೆ ಬಿಟ್ಟ ಒಂದು ಬೆಳಿಗ್ಗೆ. ದಮ್ಮಿನ ಕಾಯಿಲೆಯ ಅಜ್ಜಿಯೊಬ್ಬರು ಒಬ್ಬರೇ ಲಿಫ್ಟ್ ಹತ್ತಿದರು. ನಾಲ್ಕನೆಯ ಮಹಡಿ ಇನ್ನೇನು ಬಂತು ಅನ್ನುವಾಗ ಡಬ್ಬಿ ಎಡಕ್ಕೆ ವಾಲಿ, ಕಿರ್ರೆಂದು ಕೂಗಿ, ಕಚ್ಚಿಕೊಂಡು ನಿಂತಿತು. ಆ ಕೂಗು ಇಡೀ ಕಟ್ಟಡಕ್ಕೆ ಕೇಳಿಸಿತು. ಲಿಫ್ಟ್ ಕುಸಿದರೆ ಹಳಿಯನ್ನು ಕಚ್ಚಿ ಹಿಡಿಯಲೆಂದು ಅಡಿಯಲ್ಲಿ ಉಕ್ಕಿನ ದವಡೆಗಳಿರುತ್ತವೆ. ಡಬ್ಬಿ ಅಷ್ಟು ಓರೆಯಾದಾಗ ಅವು ಸುಮ್ಮನೆ ಹಳಿಗೆ ತಾಗಿ ಕಚ್ಚಿಬಿಟ್ಟಿದ್ದವು.

ನಾವೆಲ್ಲ ಬಾಗಿಲಿಗೆ ಬಾಯಿಟ್ಟು ಅಜ್ಜಿಗೆ ಧೈರ್ಯ ಹೇಳಿದೆವು. ಮೊದಲು ಉತ್ತರ ಬರುತ್ತಿತ್ತು. ಆಮೇಲೆ ಬರಿಯ ಸಿಳ್ಳೆಯಂಥ ಉಸಿರು ಕೇಳಿಸಿತು. ಗುಂಡಣ್ಣ ಬಂದವನೇ ಯಾರ ಮುಖವನ್ನೂ ನೋಡದೆ ತಾರಸಿಗೆ ಓಡಿ, ಲಿಫ್ಟಿನ ಯಂತ್ರದ ಕೈಚಕ್ರ ತಿರುಗಿಸಿ ಡಬ್ಬಿಯನ್ನು ಗೇಣು ಗೇಣಾಗಿ ಮೇಲೆತ್ತಿದ. ದವಡೆ ಬಿಟ್ಟಿತು. ಬಾಗಿಲು ತೆರೆದಾಗ ಅಜ್ಜಿ ನೆಲದ ಮೇಲೆ ಕೂತಿದ್ದರು, ತುಟಿ ನೀಲಿಗಟ್ಟಿತ್ತು. ಡಾಕ್ಟರು ಓಡಿ ಬಂದು ಮೂಗಿಗೆ ಆಕ್ಸಿಜನ್ ಹಿಡಿದರು. ಉಸಿರು ಹದಕ್ಕೆ ಬರುತ್ತಿದ್ದ ಹಾಗೇ ಅಜ್ಜಿ ಗುಂಡಣ್ಣನನ್ನು ನೋಡಿ ಗದರಿದರು.

"ಮೊದ್ಲು ಇಲ್ಲೊಂದು ಸ್ಟೂಲ್ ಇತ್ತಲ್ಲಪ್ಪ. ಒಬ್ಬಳು ಹೆಣ್ಣುಮಗಳು ಕೂತಿರ್ತಿದ್ಳು. ಹತ್ತಿದೋರಿಗೆಲ್ಲ ಕೂತ್ಕೊಳ್ಳಿ ಅಂತ ಅದನ್ನ ಬಿಟ್ಟುಕೊಡ್ತಿದ್ಳು. ಅವಳನ್ನ ಯಾಕಪ್ಪಾ ತೆಗೆದ್ರಿ?"

ಗುಂಡಣ್ಣ ಮೆಟ್ಟಿಲು ಹತ್ತಿ ನನ್ನ ಅಂಗಡಿಗೆ ಬಂದು, ಬಟ್ಟೆಯ ಥಾನುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತ. ಮಗಳು ಅವನ ಹಿಂದೆಯೇ ಬಂದಳು.

"ಅಪ್ಪ, ಪಟ್ಟಿ ಬದಲಿಸಿರ್ಲಿಲ್ವಾ?"

"ಇಲ್ಲ."

"ಮರ್ತೆಯಾ?"

 ಅವನು ಗೋಡೆಗೇ ಹೇಳಿದ: "ಹೊಸದು ಹಾಕಿದ್ರೆ ಲಿಫ್ಟು ವಾಲೋದು ನಿಂತುಹೋಗುತ್ತೆ ಮಗಾ. ಸ್ವಲ್ಪ ಸವೆಯೋ ತನಕ ಏನೂ ಗೊತ್ತಾಗಲ್ಲ. ಅಷ್ಟು ದಿನ ಅವಳು ಇರೋದೇ ಇಲ್ಲ. ಇನ್ನೊಂದು ವಾರ ಬಿಡೋಣ, ಇನ್ನೊಂದು ವಾರ ಬಿಡೋಣ ಅಂದ್ಕೊಂಡೆ."

ಮಗಳು ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಬೆಂಚಿನ ಮೇಲೆ ಕುಸಿದು ಕೂತು, "ನನಗೊಂದು ಮಾತು ಹೇಳಿದ್ರೆ ನಾನೂ ಬರ್ತಿದ್ನಲ್ಲ" ಎಂದಳು.

ಮಾರನೆಯ ದಿನವೇ ಗುಂಡಣ್ಣ ಓನರ ಬಳಿ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡ. ಜಾರುವ ಶೂಗಳನ್ನು ಕಿತ್ತು ಅವುಗಳ ಜಾಗಕ್ಕೆ ರೋಲರ್ ಹಾಕುತ್ತೇನೆ, ಅದು ನನ್ನ ಕೊನೆಯ ಕೆಲಸ, ಆಮೇಲೆ ಬೇರೆಯವರಿಗೆ ಕೊಡಿ ಎಂದ. ರೋಲರ್ ಅಂದರೆ ರಬ್ಬರು ಸುತ್ತಿದ ಪುಟ್ಟ ಚಕ್ರಗಳು. ಒಂದೊಂದು ಶೂ ಜಾಗದಲ್ಲಿ ಮೂರು ಚಕ್ರ ಹಳಿಯನ್ನು ಮೂರು ಕಡೆಯಿಂದ ಸ್ಪ್ರಿಂಗಿನ ಬಲದಲ್ಲಿ ಒತ್ತಿ ಹಿಡಿಯುತ್ತವೆ. ಯಾವ ಮೂಲೆಗೆ ಯಾರು ಕೂತರೂ ಡಬ್ಬಿ ಅಲುಗಬಾರದು.

ಕೂರಿಸಲು ಅವನು ಬೇಕೆಂದೇ ನಿಧಾನ ಮಾಡಿದನೋ ಏನೋ. ಕೊನೆಯ ಸ್ಪ್ರಿಂಗು ಬಿಗಿಯುವ ಮೊದಲು ಸಂದಿಯೊಳಗೆ ಮೆಲ್ಲಗೆ ಏನೋ ಮಾತಾಡುತ್ತಿದ್ದದ್ದು ನನಗೆ ಕೇಳಿಸಿತು. ಮಾತು ಸ್ಪಷ್ಟವಾಗಲಿಲ್ಲ, ನಾನು ಕಿವಿ ಕೊಡಲೂ ಇಲ್ಲ. ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದೆ.

ಪರೀಕ್ಷೆಗೆ ಮಗಳೂ ನಾನೂ ಒಳಗೆ ಹತ್ತಿದೆವು. ಅಷ್ಟು ಕಾಲದ ಮೇಲೆ ಅವಳು ಅದರೊಳಗೆ ಕಾಲಿಟ್ಟದ್ದು ಅವತ್ತೇ. ಗುಂಡಣ್ಣ ಬಟನ್ ಒತ್ತಿದ. ಲಿಫ್ಟ್ ಹೊರಟದ್ದೇ ತಿಳಿಯಲಿಲ್ಲ. ಸದ್ದಿಲ್ಲ, ಒದೆತವಿಲ್ಲ, ಒರಗುವಿಕೆಯಿಲ್ಲ. ಮೂರು ದಾಟಿತು, ನಾಲ್ಕು ದಾಟಿತು. ಅವನು ಗೋಡೆಗೆ ಕಿವಿಯಿಟ್ಟು ನಿಂತಿದ್ದ. ಮೇಲೆ ಮುಟ್ಟಿದಾಗ ಕಿವಿ ತೆಗೆದು, ಇಲ್ಲ ಎನ್ನುವಂತೆ ತಲೆಯಾಡಿಸಿದ. ಮಗಳು ಅಲ್ಲೇ ಎಡಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಬಾಗಿಲು ತೆರೆದು ಮುಚ್ಚಿತು, ತೆರೆದು ಮುಚ್ಚಿತು. ಹತ್ತಲು ನಿಂತಿದ್ದವರು ಸುಮ್ಮನೆ ಮೆಟ್ಟಿಲಿನತ್ತ ಹೋದರು.

ಅಪ್ಪ ಮಗಳು ಆಮೇಲೆ ಬೇರೆ ಬಡಾವಣೆಗೆ ಮನೆ ಬದಲಾಯಿಸಿದರು. ಅವಳಿಗೂ ಹತ್ತಿರದಲ್ಲೇ ಕೆಲಸ ಸಿಕ್ಕಿತು. ನಮ್ಮ ಕಟ್ಟಡದ ಜನ ಈಗ ಲಿಫ್ಟಿನ ತುಂಬ ಹರಡಿಕೊಂಡು ನಿಲ್ಲುತ್ತಾರೆ. ನಾನು ಮಾತ್ರ ಒಬ್ಬನೇ ಇದ್ದಾಗ ಆ ಮೂಲೆಯ ಕಡೆಗೊಮ್ಮೆ ನೋಡುತ್ತೇನೆ.

ಕಳೆದ ವರ್ಷ ಬಸ್ಸಿನಲ್ಲಿ ಗುಂಡಣ್ಣ ಸಿಕ್ಕ. ನಾನು ಹಿಂದಿನ ಸೀಟಿನಲ್ಲಿದ್ದೆ. ಅವನು ನನ್ನನ್ನು ನೋಡಿರಲಿಲ್ಲ. ಸೀಟಿನ ಅಂಚಿಗೆ ಕೂತು ಕಿಟಕಿಯ ಕಡೆಯ ಜಾಗ ಖಾಲಿ ಬಿಟ್ಟಿದ್ದ. ಚೀಲ ಹೊತ್ತ ಒಬ್ಬ ಬಂದು, "ಸ್ವಲ್ಪ ಸರೀತೀರಾ?" ಎಂದು ಕೇಳಿದ.

"ಜನ ಇದಾರೆ" ಎಂದುಬಿಟ್ಟ ಗುಂಡಣ್ಣ.

ಆ ಮನುಷ್ಯ ಖಾಲಿ ಸೀಟನ್ನೊಮ್ಮೆ, ಇವನನ್ನೊಮ್ಮೆ ನೋಡಿದ. ಗುಂಡಣ್ಣನ ಕತ್ತು ಕೆಂಪಾಯಿತು. "ಇಲ್ಲ, ಇಲ್ಲ, ಕೂತ್ಕೊಳ್ಳಿ" ಎಂದು ಕಿಟಕಿಯ ಕಡೆಗೆ ಸರಿದು, ಅವನಿಗೆ ಜಾಗ ಮಾಡಿಕೊಟ್ಟು, ಹೊರಗೆ ನೋಡುತ್ತಾ ಕೂತ. ನಾನು ಕರೆಯೋಣವೆಂದು ಬಾಯಿ ತೆರೆದವನು ಅವನ ನಿಲ್ದಾಣ ಬರುವ ತನಕ ಸುಮ್ಮನಿದ್ದೆ.