ಮನಸ್ಸಿನಾಗಿನ ಬೇಡಿಕಿ

ಇವತ್ತು ಬೆಳಿಗ್ಗೆ ಅಟ್ಟದಿಂದ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಸ್ಟೀಲಿನ ಬೋಗೋಣಿ ಇಳಿಸಿದೆ. ಭಾಲ್ಕಿಯಿಂದ ನಮ್ಮವ್ವ ಬರುವವಳಿದ್ದಳು. ಈ ಬೋಗೋಣಿ ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು.

ನನ್ನ ತವರು ಮಾಂಸದ ವಾಸನೆಗೂ ಮೂಗು ಮುಚ್ಚುವ ಮನೆ. ಲಗ್ನವಾಗಿ ಬಂದದ್ದು ಬೀದರದ ಮೈಲೂರಿನ ಕ್ರೈಸ್ತರ ಮನೆಗೆ. ಹುಡುಗನನ್ನು ನಾನೇ ಆರಿಸಿದ್ದು, ಯಾರನ್ನೂ ದೂರುವ ಹಾಗಿಲ್ಲ. ಔರಾದ ಕಡೆಯ ನಮ್ಮತ್ತೆ ಒಳ್ಳೆಯವರು, ಆದರೆ ಬಾಯಿ ಬಿಟ್ಟು ಏನನ್ನೂ ಕೇಳುವವರಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಸುಮ್ಮನೆ ಕುಡಿದು, ಸೊಸೆಗೆ ತಾನಾಗಿಯೇ ತಿಳಿಯಲಿ ಎಂದು ಕಾಯುತ್ತಿದ್ದರು. ನಾನೇನು ಅಂತರ್ಯಾಮಿಯೇ?

ಶುಕ್ರವಾರ ಸಂಜೆ ನಮ್ಮಲ್ಲಿ ಪ್ರಾರ್ಥನಾಕೂಟ. ಪಾಸ್ಟರು ಒಬ್ಬೊಬ್ಬರ ಬೇಡಿಕೆಯನ್ನೂ ಕೇಳುತ್ತಾರೆ. ಒಬ್ಬರದು ಮೊಣಕಾಲು ನೋವು, ಇನ್ನೊಬ್ಬರದು ಮಗಳ ಲಗ್ನ. ಅತ್ತೆಯ ಸರದಿ ಬಂದರೆ ಒಂದೇ ಮಾತು: "ನಂದು ಮನಸ್ಸಿನಾಗಿಂದು ಅದರಿ." ಬಾಯಿಬಿಟ್ಟು ಹೇಳಲಾಗದವರಿಗೆಂದು ಇರುವ ರಿವಾಜು ಅದು. ಕೂಡಲೇ ಕೂತವರೆಲ್ಲ ನನ್ನ ಕಡೆ ನೋಡುತ್ತಿದ್ದರು. ದೀಕ್ಷಾಸ್ನಾನ ಮಾಡಿಸಿಕೊಳ್ಳದ ಸೊಸೆಯ ಚಿಂತೆಯಲ್ಲದೆ ಅತ್ತೆಗೆ ಬೇರೇನಿದ್ದೀತು? ಕೂಟದವರು ಹಾಗಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಆ ಸಿಟ್ಟಿನಲ್ಲಿ ವರ್ಷಗಟ್ಟಲೆ ಚಹಾದ ಕಪ್ಪುಗಳನ್ನು ಸಪ್ಪಳ ಮಾಡಿ ತೊಳೆದೆ. ಗಂಡನಿಗೆ ಹೇಳಿದರೆ ಆತ ಪೇಪರಿನಿಂದ ತಲೆಯನ್ನೇ ಎತ್ತುತ್ತಿರಲಿಲ್ಲ.

ಒಂದು ಶುಕ್ರವಾರ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ, ನನ್ನನ್ನು ಬದಲಿಸೆಂದು ಇನ್ನೆಷ್ಟು ದಿನ ದೇವರನ್ನು ಬೇಡುತ್ತೀರಿ ಎಂದು ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ಕಣ್ಣುಕಣ್ಣು ಬಿಟ್ಟರು. ಆಮೇಲೆ ಅಟ್ಟದ ಕಡೆ ಕೈ ಮಾಡಿದರು.

"ನಿನ್ನ ಸಲುವಾಗಿ ಅಲ್ಲವ್ವಾ. ನಿಮ್ಮವ್ವ ಒಮ್ಮೆರೆ ನಮ್ಮ ಮನ್ಯಾಗ ಬಂದು ಉಣ್ಲಿ ಅಂತ ಬೇಡ್ಕೋತೀನಿ. ಮಾಂಸ ಮುಟ್ಟಲಾರದ ಹೊಸ ಬೋಗೋಣಿ ತಂದಿಟ್ಟೀನಿ ನೋಡು."

ಹಾಗಾದರೆ ಅವ್ವನನ್ನು ಕರೆಯಬೇಕಿತ್ತಲ್ಲ ಎಂದೆ.

"ಒಲ್ಲೆ ಅಂದ್ರ ಹ್ಯಾಂಗ? ದೇವ್ರಿಗಿ ಎಲ್ಲಾ ಗೊತ್ತದಲ್ಲ."

ದೇವರಿಗೆ ಗೊತ್ತಿರಬಹುದು, ಭಾಲ್ಕಿಗೆ ಗೊತ್ತಾಗಬೇಡವೇ? ಅಲ್ಲೇ ನಿಂತು ಅವ್ವನಿಗೆ ಫೋನ್ ಮಾಡಿದೆ. ಕರೆಯದ ಮನೆಗೆ ಬರುವುದು ಹೇಗೆ, ಬೀಗತಿಗೆ ತನ್ನನ್ನು ಕಂಡರೆ ಆಗುವುದಿಲ್ಲ ಎಂದುಕೊಂಡು ಅವಳು ಅಲ್ಲಿ ಕೂತಿದ್ದಳಂತೆ! ನನಗೆ ಹಣೆ ಹಣೆ ಬಡಿದುಕೊಳ್ಳುವ ಹಾಗಾಯಿತು. ಮುಂದಿನ ಭಾನುವಾರವೇ ಅವ್ವ ಬಂದಳು, ಆ ಬೋಗೋಣಿಯಲ್ಲಿ ಮಾಡಿದ ಬ್ಯಾಳಿಸಾರು ಎರಡು ಸಲ ಹಾಕಿಸಿಕೊಂಡು ಉಂಡಳು. ಅತ್ತೆ ತಮ್ಮ ತಾಟು ಮುಟ್ಟದೆ ಅವಳು ಉಣ್ಣುವುದನ್ನೇ ನೋಡುತ್ತ ಕೂತರು. ಅವತ್ತಿನಿಂದ ಅತ್ತೆ ತೀರಿಕೊಳ್ಳುವ ತನಕ ಬೀಗತಿಯರಿಬ್ಬರೂ ಸೇರಿ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ನನ್ನ ಅಡಿಗೆಗೆ ಹೆಸರಿಡುವುದೇ ಕೆಲಸವಾಯಿತು.

ಅತ್ತೆ ಹೋದ ಮೇಲೆ ಅವ್ವ ಬಂದದ್ದು ಇವತ್ತೇ ಮೊದಲು. ಶುಕ್ರವಾರ ಬೇರೆ. ಕೂಟ ಅವಳಿಗೆ ಹಿಡಿಸಲಿಕ್ಕಿಲ್ಲ ಎಂದುಕೊಂಡು ನಾನೇ ಅವಳನ್ನು ಅಡಿಗೆಮನೆಯಲ್ಲಿ ಕೂರಿಸಿದ್ದೆ. ಇಷ್ಟಾದರೂ ನನಗೆ ಬುದ್ಧಿ ಬಂದಿಲ್ಲ, ನೋಡಿ. ಪಾಸ್ಟರು ಬೇಡಿಕೆ ಕೇಳುತ್ತಿದ್ದಂತೆ ಅವ್ವ ಬಾಗಿಲಿಗೆ ಬಂದು ನಿಂತಳು.

"ನಮ್ಮ ಬೀಗತಿ ಸಲುವಾಗಿ ಒಂದು ಪ್ರಾರ್ಥನಾ ಮಾಡ್ರಿ."

ಪಾಸ್ಟರು ತಡವರಿಸಿದರು. ಸತ್ತವರಿಗಾಗಿ ಬೇಡುವ ರೂಢಿ ಅವರ ಸಭೆಯಲ್ಲಿಲ್ಲ. ಅವ್ವನಿಗೆ ತಿಳಿಸಿ ಹೇಳೋಣವೆಂದು ನಾನು ಎದ್ದೆ. ಅವಳು ಕೈಸನ್ನೆ ಮಾಡಿ ನನ್ನನ್ನು ಕೂರಿಸಿದಳು.

"ನಿಮ್ಮಲ್ಲಿ ಹಿಂಗ ನಡೀತದೋ ಇಲ್ಲೋ ನನಗ ಗೊತ್ತಿಲ್ರಿ," ಎಂದಳು ಪಾಸ್ಟರಿಗೆ. "ಅದಕ್ಕೇ ಕೇಳ್ಲತ್ತೀನಿ."