ತಿಪ್ಪೆಗುಂಡಿಯ ಚಿನ್ನ

ನಮ್ಮ ಹಿತ್ತಲ ಹೊಲದ ಮಣ್ಣಿನಲ್ಲಿ ಚಿನ್ನ ಇದೆ ಎಂದು ಲ್ಯಾಬಿನವರು ಬರೆದು ಕಳಿಸಿದಾಗ ಊರಿಗೆಲ್ಲ ಆಶ್ಚರ್ಯವಾಯಿತು. ನನಗೆ ಆಗಲಿಲ್ಲ. ಅದನ್ನು ಅಲ್ಲಿ ಹಾಕಿದವಳು ನಾನೇ. ಆ ಚಿನ್ನ ಕದ್ದನೆಂದು ನನ್ನ ಮೈದುನನನ್ನು ಮನೆಯಿಂದ ಹೊರಗೆ ಹಾಕಿದಾಗ ಬಾಯಿ ಬಿಡದೆ ಕೂತವಳೂ ನಾನೇ. ನಲವತ್ತು ವರ್ಷದ ಮೇಲಾಯಿತು.

ಗಂಡಸಿ ಹತ್ತಿರದ ಊರು ನಮ್ಮದು. ರಾಗಿ ಕುಯ್ದು ಹೊಲ ಬರಿದಾಗಿದ್ದಾಗ ಸರ್ವೆಯವರು ಜೀಪಿನಲ್ಲಿ ಬಂದರು. ಭೂಮಿಯೊಳಗೆ ಚಿನ್ನ ಇದೆಯೋ ಇಲ್ಲವೋ ಎಂದು ಹುಡುಕುವ ಕೆಲಸ. ಇನ್ನೂ ಮೊದಲ ಹಂತ, ಗಣಿ ತೋಡುವ ಮಾತೇ ಇಲ್ಲ ಎಂದು ಪಂಚಾಯಿತಿಯಲ್ಲಿ ಹೇಳಿದ್ದರಂತೆ. ಅವರಲ್ಲಿ ಮೇಲಿನವಳು ಒಬ್ಬ ಹುಡುಗಿ, ತಲೆಗೆ ಟೋಪಿ, ಕಾಲಿಗೆ ಬೂಟು. ಎಲ್ಲರೂ ಮೇಡಮ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೊಲಗಳ ಮೇಲೆ ದಾರ ಹಿಡಿದು ಐವತ್ತು ಹೆಜ್ಜೆಗೊಂದು ಗೂಟ ಹೊಡೆದರು. ಗೂಟಗೂಟಕ್ಕೂ ಮೊಣಕಾಲುದ್ದ ಗುಂಡಿ ತೋಡುವುದು, ಮೇಲಿನ ಗೊಬ್ಬರದ ಮಣ್ಣು ಬಿಟ್ಟು ತಳದ್ದನ್ನು ತೆಗೆಯುವುದು, ಜರಡಿ ಹಿಡಿಯುವುದು, ಬಟ್ಟೆ ಚೀಲಕ್ಕೆ ತುಂಬಿ ನಂಬರು ಚೀಟಿ ಹಾಕಿ ಕಟ್ಟುವುದು. ಊರಿನ ಆರೇಳು ಹೆಂಗಸರನ್ನು ಇದಕ್ಕೆ ಕರೆದರು.

ಮೊದಲ ದಿನವೇ ಮೇಡಮ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೈಮೇಲಿನ ಚಿನ್ನ ಬಿಚ್ಚಿಟ್ಟು ಬನ್ನಿ ಎಂದಳು. ಉಂಗುರದಿಂದ ಕಣ್ಣಿಗೆ ಕಾಣದಷ್ಟು ಉದುರಿದರೂ ಲ್ಯಾಬಿನಲ್ಲಿ ಸಿಕ್ಕಿಬಿಡುತ್ತದೆ, ಆಮೇಲೆ ಅದು ಹೊಲದ್ದೋ ಬೆರಳಿನದ್ದೋ ಗೊತ್ತಾಗುವುದಿಲ್ಲ ಎಂದಳು.

"ಉಂಗ್ರ ಬಿಚ್ಚುತೀವಿ, ಓಲೆ ಬಿಚ್ಚುತೀವಿ. ತಾಳಿ ಬಿಚ್ಚು ಅಂದ್ರೆ ಹೆಂಗೆ ಮೇಡಮ್ಮಾರೆ?" ಎಂದಳು ಪಕ್ಕದ ಮನೆಯವಳು.

"ತಾಳಿ ಬೇಡ. ರವಿಕೆ ಒಳಗೆ ಹಾಕ್ಕೊಂಡು ಪಿನ್ ಹಾಕ್ಕೊಳ್ಳಿ, ಸಾಕು."

"ಹಂಗಲ್ಲ, ಕಟ್ಟಿದೋನ್ನೂ ಒಂದೆರಡು ತಿಂಗ್ಳು ಬಿಚ್ಚಿಡೋ ಹಂಗಿದ್ರೆ ನಾನು ತಯಾರಿದೀನಿ ಕಣ್ರೀ."

ಎಲ್ಲರೂ ನಕ್ಕರು. ನನ್ನ ಕೊರಳಲ್ಲಿ, ಕಿವಿಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಜರಡಿ ನನ್ನ ಕೈಗೆ ಬಂತು.

ಹಸಿ ಇದ್ದ ಚೀಲಗಳನ್ನು ನಮ್ಮ ಜಗಲಿಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಮೇಡಮ್ ಅಲ್ಲೇ ಕೂತು ಪುಸ್ತಕದಲ್ಲಿ ಬರೆಯುತ್ತಿದ್ದಳು. ಒಂದು ದಿನ ಒಂದೇ ಗುಂಡಿಯ ಮಣ್ಣನ್ನು ಎರಡು ಪಾಲು ಮಾಡಿ ಎರಡು ಚೀಲಕ್ಕೆ ಹಾಕಿ ಬೇರೆ ಬೇರೆ ನಂಬರು ಕೊಟ್ಟಳು. ತಪ್ಪಾಯಿತು ಅಂದುಕೊಂಡು ಹೇಳಿದೆ.

"ತಪ್ಪಲ್ಲ ಅಜ್ಜಿ, ಬೇಕು ಅಂತಲೇ. ಎರಡಕ್ಕೂ ಒಂದೇ ಉತ್ತರ ಬರಬೇಕು. ಬರಲಿಲ್ಲ ಅಂದ್ರೆ ಲ್ಯಾಬಿನವರು ಎಡವಿದಾರೆ ಅಂತ. ಚಿನ್ನ ಇಲ್ಲವೇ ಇಲ್ಲ ಅಂತ ಗೊತ್ತಿರೋ ಮಣ್ಣೂ ಒಂದು ಚೀಲ ಕಳಿಸ್ತೀವಿ."

"ಅಂದ್ರೆ ಅವರನ್ನ ನೀವು ನಂಬಕಿಲ್ಲ."

"ಯಾರನ್ನೂ ನಂಬಲ್ಲ. ನನ್ನೂ ನಂಬಲ್ಲ."

ಲ್ಯಾಬಿನಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ಮಣ್ಣನ್ನು ಹಿಟ್ಟಿನ ಹಾಗೆ ಅರೆದು, ಸೀಸದ ಪುಡಿ ಬೆರೆಸಿ, ಮೂಸೆಯಲ್ಲಿಟ್ಟು ಕರಗಿಸುತ್ತಾರಂತೆ. ಚಿನ್ನವೆಲ್ಲ ಸೀಸದೊಳಕ್ಕೆ ಸೇರಿಕೊಳ್ಳುತ್ತದೆ. ಆಮೇಲೆ ಸೀಸವನ್ನು ಸುಟ್ಟು ಕಳೆದರೆ ಸಾಸಿವೆಗಿಂತ ಸಣ್ಣ ಗುಂಡು ಉಳಿಯುತ್ತದೆ. ನನಗೆ ಇದು ಹೊಸದಲ್ಲ. ನಾನು ಸೇರಿದ ಮನೆ ಅಕ್ಕಸಾಲಿಗಳ ಮನೆ. ನಮ್ಮ ಮಾವನವರು ಹಳೆಯ ಒಡವೆ ಕರಗಿಸುವಾಗ ಇಂಥದ್ದನ್ನೇ ಮಾಡುತ್ತಿದ್ದರು. ಆದರೆ ಹೊಲದ ಮಣ್ಣಿನಲ್ಲಿ ಅಷ್ಟು ಸಣ್ಣದೂ ಸಿಕ್ಕಿಬಿಡುತ್ತದೆ ಎಂದು ಕೇಳಿದಾಗ ಕೈಯಲ್ಲಿದ್ದ ಜರಡಿ ಕೆಳಗಿಟ್ಟೆ. ನಮ್ಮ ಹಿತ್ತಲ ಹೊಲದಲ್ಲೂ ಒಂದು ಗೂಟ ಇತ್ತು. ಅದು ಹಳೆಯ ತಿಪ್ಪೆಗುಂಡಿ ಇದ್ದ ಜಾಗ.

ಆಗ ನಾನು ಚೊಚ್ಚಲ ಬಸುರಿ, ಹೆರಿಗೆಗೂ ತವರಿಗೆ ಕಳಿಸಲಿಲ್ಲ. ನನ್ನ ತವರಿನವರು ನೇಗಿಲು ಗಾಡಿ ಮಾಡುವ ಬಡಗಿಗಳು, ಅಲ್ಲಿ ಕೆಲಸದ ಜಾಗ ಗುಡಿಸಿದರೆ ಕಸ ತಿಪ್ಪೆಗೆ. ಇಲ್ಲಿ ಹಾಗಲ್ಲ. ಮಾವ, ನನ್ನ ಗಂಡ, ಮೈದುನ ಮೂವರೂ ಕೂತು ಕೆಲಸ ಮಾಡಿದ ಪಡಸಾಲೆಯನ್ನು ದಿನಾ ಗುಡಿಸಿ, ಆ ಧೂಳನ್ನೂ ಅಗ್ಗಿಷ್ಟಿಕೆಯ ಬೂದಿಯನ್ನೂ ಒಂದು ಗುಡಾಣಕ್ಕೆ ತುಂಬಬೇಕು. ಅರದಿಂದ ಉಜ್ಜುವಾಗ ಉದುರಿದ ಚಿನ್ನದ ಪುಡಿ ಅದರಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಧೂಳು ತೊಳೆಯುವವರು ಬಂದು ತೊಳೆದು ಚಿನ್ನ ತೆಗೆದುಕೊಡುತ್ತಿದ್ದರು. ಗುಡಾಣ ಇಟ್ಟಿದ್ದು ಅಟ್ಟದ ಮೇಲೆ. ಏಳು ತಿಂಗಳ ಹೊಟ್ಟೆ ಹೊತ್ತು ಏಣಿ ಹತ್ತುವುದು ನನ್ನಿಂದ ಆಗಲಿಲ್ಲ. ಅತ್ತೆಗೆ ಹೇಳಿದರೆ ಬೈಗುಳ. ಮೊರವನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ತಿಪ್ಪೆಗುಂಡಿಗೆ ಸುರಿದೆ. ಒಂದು ದಿನ ಅಂತ ಮಾಡಿದ್ದು ಹೆರಿಗೆ ಆಗುವ ತನಕ ಅದೇ ಆಯಿತು. ಬರೀ ಬೂದಿಯಲ್ಲಿ ಏನಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ವರ್ಷ ಧೂಳು ತೊಳೆದಾಗ ಬರಬೇಕಾದ್ದಕ್ಕಿಂತ ಕಾಲು ಪಾಲು ಕಡಿಮೆ ಬಂತು. ಮೈದುನ ಆಗಷ್ಟೇ ಒಂದು ಕೈಗಡಿಯಾರ ತಂದಿದ್ದ. ಅಪ್ಪ ಮಗನನ್ನು ಕೇಳಿದ್ದು ಒಂದೇ ಮಾತು, "ಎಲ್ಲಿಂದ ಬಂತ್ಲಾ ಇದು?" ಅವನು ಹಗರೆ ಊರಿನ ಸ್ನೇಹಿತನ ಹೆಸರು ಹೇಳಿದ. ಯಾರೂ ಹೋಗಿ ವಿಚಾರಿಸಲಿಲ್ಲ. ನಾನು ಬಾಣಂತಿ ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಾ ಎಲ್ಲ ಕೇಳಿಸಿಕೊಂಡೆ. ಎದ್ದು ಬಂದು ನಾಲ್ಕು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಅವನು ಉಟ್ಟ ಬಟ್ಟೆಯಲ್ಲಿ ಹೋದ. ಹೊಲದಲ್ಲಿ ಪಾಲೂ ಕೊಡಲಿಲ್ಲ. ಕಳ್ಳನ ಕೈಗೆ ಚಿನ್ನ ಕೊಡುವವರು ಯಾರು? ಬೇಲೂರಿನಲ್ಲಿ ಪಾತ್ರೆ ಅಂಗಡಿಯ ಮುಂದೆ ಕೂತು ಸ್ಟೀಲ್ ಪಾತ್ರೆಗೆ ಹೆಸರು ಹಾಕುತ್ತಿದ್ದಾನೆ ಎಂದು ಕೇಳಿದೆವು. ಮಾವ ಸತ್ತರು, ನನ್ನ ಗಂಡನೂ ಹೋದರು. ಎರಡಕ್ಕೂ ಅವನು ಬರಲಿಲ್ಲ.

ಲ್ಯಾಬಿನ ಉತ್ತರ ಬಂದ ದಿನ ಮೇಡಮ್ ಬಂದು ಕಾಫಿ ಕುಡಿಯುತ್ತಾ ಕೇಳಿದಳು. "ಅಜ್ಜಿ, ನಿಮ್ಮ ಹಿಂದಿನ ಹೊಲದ ಗೂಟದ ಹತ್ತಿರ ಮೊದಲು ಏನಾದ್ರೂ ಇತ್ತಾ? ಮನೆ, ಬಾವಿ, ಗುಡಿ?"

"ಏನಿರ್ತದೆ, ಹೊಲ" ಎಂದೆ.

ಅವಳು ಬರೆದುಕೊಂಡಳು. ಮತ್ತೆ ತೋಡಿದರು, ಇನ್ನೊಂದು ಚೀಲ ಹೋಯಿತು, ಇನ್ನೂ ಜಾಸ್ತಿ ಬಂತು. ಅಕ್ಕಪಕ್ಕದ ಗೂಟಗಳಲ್ಲಿ ಏನೂ ಇಲ್ಲ, ಇದೊಂದರಲ್ಲಿ ಮಾತ್ರ. ಹೊಲದ ಉದ್ದಕ್ಕೂ ಬಂಡೆ ಸಿಗುವ ತನಕ ಕಾಲುವೆ ಹಾಗೆ ಅಗೆದು ನೋಡಬೇಕು ಎಂದರು. ನನ್ನ ಮಗ ಊಟ ಬಿಟ್ಟ. ಒಂದು ದಿನ ಹೊಲ ಹೋಗುತ್ತದೆ ಎಂದು ಹೆದರುವನು, ಮರುದಿನ ಹಣೆಬರಹ ತಿರುಗಿತು ಎನ್ನುವನು. ಅಡ್ಡ ಬರುವ ಎರಡು ತೆಂಗಿನ ಮರಕ್ಕೆ ಗುರುತು ಹಾಕಿ ಹೋದ ಮೇಲೆ ಅವುಗಳ ಬುಡದಲ್ಲೇ ಕೂತಿದ್ದ.

ಅಗೆಯುವ ಹಿಂದಿನ ದಿನ ನಾನು ಜಗಲಿಯಲ್ಲಿ ಮೇಡಮ್ಮಿಗೆ ಹೇಳಿದೆ. ಮಗನೂ ಅಲ್ಲೇ ಇದ್ದ. ಗುಡಾಣ, ಏಣಿ, ಮೊರ, ತಿಪ್ಪೆ, ಎಲ್ಲ ಹೇಳಿದೆ. ಅವಳು ಗುಂಡಿ ಎಷ್ಟು ಅಗಲ ಇತ್ತು, ಎಷ್ಟು ಆಳ, ಯಾವಾಗ ಮುಚ್ಚಿದಿರಿ ಎಂದು ಕೇಳಿ ಕೇಳಿ ಬರೆದುಕೊಂಡಳು.

"ಅವತ್ತು ಕೇಳಿದಾಗಲೇ ಹೇಳಬೇಕಿತ್ತು ಅಜ್ಜಿ. ಎರಡು ತಿಂಗಳ ಕೆಲಸ ಹಾಳು."

"ಹಾಳಾಗಿದ್ದು ಎರಡು ತಿಂಗ್ಳಲ್ಲ ಕಣವ್ವ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ನಾಳೆ ಅಗೆಯುವುದಿಲ್ಲ ಎಂದು ಹೇಳಿ ಅವಳು ಹೋದ ಮೇಲೆ ಮಗ ಕೇಳಿದ, "ಹಂಗಾರೆ ಚಿಕ್ಕಪ್ಪ ಕದ್ದಿರ್ಲಿಲ್ವ?"

"ಇಲ್ಲ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಂಗೆ ಹಾಲು ಕುಡುಸ್ತಾ ಕೂತಿದ್ದೆ ಅಂತೀಯಲ್ಲವ್ವ" ಎಂದು ಎದ್ದು ಹೋದ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಬೆಳಗ್ಗೆ ಬಂದು, "ಸೀರೆ ಉಟ್ಕೊ, ಹೋಗಾನ" ಎಂದ.

ಎರಡು ಬಸ್ಸು ಬದಲಾಯಿಸಿ ಹಗರೆಯಲ್ಲಿ ಇಳಿದೆವು. ಮೈದುನ ಈಗ ಅಲ್ಲಿ ಮಗನ ಮನೆಯಲ್ಲಿದ್ದಾನೆ. ಹೊರಗೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದ. ಕಣ್ಣು ಮಂಜಾಗಿದೆ. ಧ್ವನಿ ಕೇಳಿ ಗುರುತು ಹಿಡಿದ.

"ಅತ್ಗೇರಾ? ಬನ್ನಿ, ಕೂತ್ಕಳಿ" ಎಂದ. ಆ 'ಬನ್ನಿ' ಕೇಳಿ ನನಗೆ ಕೂರಲು ಆಗಲಿಲ್ಲ. ನಿಂತುಕೊಂಡೇ ಹೇಳಿದೆ. ಅವನ ಹೆಂಡತಿ ಬಾಗಿಲಲ್ಲಿ ಲೋಟ ಹಿಡಿದು ನಿಂತಳು, ಕೊಡಲಿಲ್ಲ.

ಅವನು ತುಂಬ ಹೊತ್ತು ಮೊಣಕಾಲು ಉಜ್ಜಿಕೊಂಡ.

"ಅಳತೆ ಸರಿಯಾಗಿ ನೋಡವ್ರಾ ಅವ್ರು?" ಎಂದ.

"ಎರಡು ಸಲ ನೋಡವ್ರೆ. ಲ್ಯಾಬಲ್ಲಿ."

"ನಮ್ಮಪ್ಪ ಒಂದು ಸಲ ನೋಡಿದ್ದು" ಎಂದ. "ನಾನು ಕದ್ದಿಲ್ಲ ಅನ್ನದು ನಂಗೆ ಗೊತ್ತಿತ್ತು ಅತ್ಗೆ. ಅದನ್ನ ನೀವು ಬಸ್ಸತ್ಕೊಂಡು ಬಂದು ನಂಗೆ ಹೇಳಬೇಕಿರ್ಲಿಲ್ಲ. ನಂಗೆ ಗೊತ್ತಿಲ್ದೇ ಇದ್ದಿದ್ದು ಅಣ್ಣ ಕದ್ದಿಲ್ಲ ಅನ್ನದು."

ಅಪ್ಪ ಯಾಕೆ ಕದಿಯುತ್ತಾರೆ ಎಂದು ನನ್ನ ಮಗ ಕೇಳಿದ.

"ಇನ್ಯಾರು ಕದೀತಾರೆ? ಇದ್ದಿದ್ದು ಮೂರು ಜನ. ಅಪ್ಪ ಅಲ್ಲ, ನಾನಲ್ಲ. ಅಣ್ಣನೇ ತಗಂಡು ನನ್ ತಲೆಗೆ ಕಟ್ದ ಅಂತ ತಿಳ್ಕಂಡಿದ್ದೆ. ಅವನು ಒಂದ್ಸಲ ಬೇಲೂರ್ಗೆ ಬಂದಿದ್ದ, ಗೊತ್ತಾ ನಿಮ್ಗೆ? ಅಂಗಡಿ ಮುಂದೆ ನಿಂತು ಮಾತಾಡ್ಸಿದ. ಮುಖಕ್ಕೆ ಉಗಿದೆ. ಒರಸ್ಕೊಂಡು ಹೋದ."

ನನ್ನ ಗಂಡ ಅದನ್ನು ನನಗೆ ಹೇಳಿರಲಿಲ್ಲ.

ಮಗ ಹೊಲದ ಮಾತು ತೆಗೆದ, ನಿಮ್ಮ ಪಾಲು ಬಿಟ್ಟುಕೊಡುತ್ತೇನೆ ಚಿಕ್ಕಪ್ಪ ಎಂದ. "ಹೊಲ ತಗಂಡು ಈ ಕಣ್ಣಲ್ಲಿ ಏನು ಮಾಡ್ಲಿ? ನಮ್ಮ ಹುಡ್ಗನ ಹತ್ರ ಮಾತಾಡ್ಕೊ" ಎಂದು ನನ್ನ ಕಡೆ ತಿರುಗಿದ. "ನೀವು ಊರಲ್ಲಿ ಹೇಳಿ. ಕಳ್ಳ ಅಂದಿದ್ದು ಊರು. ಅಲ್ಲಿ ಹೇಳಿ."

ನೀರೂ ಕುಡಿಯದೆ ಬಂದೆವು.

ಊರಲ್ಲಿ ಹೇಳುವುದೆಂದರೆ ಎಲ್ಲಿ? ಮನೆಮನೆ ಬಾಗಿಲು ತಟ್ಟಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಸಾಯಂಕಾಲ ಎಲ್ಲರೂ ಸೇರುವುದು ಹಾಲಿನ ಡೇರಿಯಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂದಾಗ ತಿರುಗಿ ನಿಂತು ಹೇಳಿದೆ. ಹುಡುಗರು ಮೊಬೈಲ್ ನೋಡುತ್ತಿದ್ದರು. ಅರ್ಧ ಜನಕ್ಕೆ ನನ್ನ ಮೈದುನ ಯಾರೆಂದೇ ಗೊತ್ತಿಲ್ಲ. ಹಾಲು ಅಳೆಯುವವನು, "ಆಯ್ತಜ್ಜಿ, ಹುಯ್ಯಿ ಹಾಲು, ಹಿಂದೆ ಜನ ಅವ್ರೆ" ಎಂದ.

ಒಬ್ಬರು ಮಾತ್ರ ಸಾಲು ಬಿಟ್ಟು ಮುಂದೆ ಬಂದರು. ನಮ್ಮ ಜನವೇ, ನನ್ನ ಗಂಡನ ವಾರಿಗೆಯವರು.

"ನಿನ್ ಮೈದುನನ ದೊಡ್ಡ ಮಗಳನ್ನ ನಮ್ಮ ಹುಡ್ಗನಿಗೆ ತಗಳಿ ಅಂತ ಕೇಳ್ಕೊಂಡು ಬಂದಿದ್ರು" ಎಂದರು. "ಹುಡ್ಗ ಒಪ್ಪಿದ್ದ. ಕಳ್ಳನ ಮನೆ ಅಂತ ನಾನೇ ವಾಪಸ್ ಕಳಿಸ್ದೆ. ಆ ಮಗುಗೆ ಆಮೇಲೆ ಲಗ್ನವೇ ಆಗ್ಲಿಲ್ಲ. ವಿಚಾರಿಸಾನ ಅಂತ ಬಂದು ನಿನ್ ಮನೆ ಜಗಲಿ ಮೇಲೆ ಕೂತೇ ಕಣಮ್ಮ ನಾನು ಬೇಡ ಅಂದಿದ್ದು. ಕಾಫಿ ತಂದ್ಕೊಟ್ಟೋಳು ನೀನು."

ಹೌದು, ತಂದುಕೊಟ್ಟಿದ್ದೆ. ಆವತ್ತು ಸಕ್ಕರೆ ಮುಗಿದು ಬೆಲ್ಲ ಹಾಕಿದ್ದೂ ನೆನಪಿದೆ.

"ಹೌದು" ಎಂದೆ.

ಅವರು ಇನ್ನೇನಾದರೂ ಅನ್ನಬಹುದು ಎಂದು ನಿಂತೆ. ತಮ್ಮ ಕ್ಯಾನಿನ ಹತ್ತಿರ ವಾಪಸ್ ಹೋದರು. ನಾನು ಹಾಲು ಹುಯ್ದು, ಖಾಲಿ ಕ್ಯಾನು ತೆಗೆದುಕೊಂಡು, ಅವರೆಲ್ಲರ ಮುಂದೆ ಹಾದು ಮನೆಗೆ ಬಂದೆ. ಮರುದಿನವೂ ಅದೇ ಸಾಲಿನಲ್ಲಿ ನಿಲ್ಲಬೇಕಿತ್ತು.