ಹಾಲಾಡಿ ರಸ್ತೆಯ ಖಾಲಿ ಶೆಡ್ಡು

ಗಿರಿಜಕ್ಕ, ಆ ದಿನ ನೀವು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು — ನೀವು ನಂಬಿ ದೂರು ಕೊಟ್ಟ ಸರ್ಕಾರಿ ಪಶುವೈದ್ಯೆ.

ನಾಯಿಮರಿ ಮಾರಾಟಕ್ಕೆ ಹೊಸ ನಿಯಮ ಬಂದ ಕಾಲ ಅದು. ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕು, ಹೆಣ್ಣುನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು — ಕೋಟದಲ್ಲಿ ಸಭೆ ಕರೆದು ಜನರಿಗೆ ಇದನ್ನೆಲ್ಲ ತಿಳಿಸಿದವಳೂ ನಾನೇ. ಸಭೆ ಮುಗಿದ ಮೇಲೆ ನೀವು ಮೀನಿನ ಬುಟ್ಟಿ ಕೆಳಗಿಟ್ಟು ನನ್ನ ಹತ್ತಿರ ಬಂದಿರಿ.

"ಹಾಲಾಡಿ ರಸ್ತೆಲಿ ಒಂದ್ ಶೆಡ್ಡ್ ಇತ್ ಡಾಕ್ಟ್ರಮ್ಮ. ಮೀನ್ ಕೊಡುಕೆ ಹೋದಾಗ ಕಂಡೆ. ಹೆತ್ತ್ ಹೆತ್ತ್ ಆ ನಾಯಿಗಳಿಗೆ ನಿಲ್ಲುಕೂ ಆತಿಲ್ಲೆ. ಒಂದ್ಸಲ ಬಂದ್ ಕಾಣಿ."

ಆ ಶೆಡ್ಡು ನನ್ನ ಅಕ್ಕನ ಗಂಡ ಸುಧಾಕರ ಭಾವನದೆಂದು ನಿಮಗೆ ಗೊತ್ತಿರಲಿಲ್ಲ. ಭಾವ ನಾಯಿ ಸಾಕುವುದು ನನಗೆ ಗೊತ್ತಿತ್ತು. ಹೇಗೆ ಸಾಕುತ್ತಾರೆಂದು ನೋಡಲು ಹೋಗಿರಲಿಲ್ಲ — ಹೋಗದೆ ಇರುವುದೇ ಹಿತವಾಗಿತ್ತು.

ನಿಮ್ಮ ದೂರು ಮೇಲಿನವರಿಗೆ ಮುಟ್ಟಿತು, ತಪಾಸಣೆಯ ದಿನವೂ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ನಾನು ಭಾವನಿಗೆ ಫೋನ್ ಮಾಡಿದೆ.

"ಭಾವ, ನಾಳೆ ಬೆಳಿಗ್ಗೆ ತಪಾಸಣೆಗೆ ಬತ್ರ್. ಶೆಡ್ಡ್ ಚೊಕ್ಕ ಮಾಡಿ ಇಡಿ."

ಇಷ್ಟೇ. ಚೊಕ್ಕ ಮಾಡಿದರೆ ನಾಯಿಗಳಿಗೂ ಒಳ್ಳೆಯದಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿದ್ದೆನೇ? ಈಗ ಕೇಳಿದರೆ, ಇಲ್ಲ.

ಬೆಳಿಗ್ಗೆ ಅಧಿಕಾರಿಗಳು, ಪೊಲೀಸರು, ನಾನು. ದಾರಿ ತೋರಿಸಲು ನೀವು. ಬಾಗಿಲು ತೆಗೆದರೆ ಒಳಗೆ ಬರೀ ಫಿನಾಯಿಲ್ ವಾಸನೆ, ಒಣಗದ ನೆಲ. ಒಂದು ನಾಯಿಯೂ ಇರಲಿಲ್ಲ.

"ನಿನ್ನೆವರೆಗೂ ಇಲ್ಲೇ ಇದ್ದಿತ್ ಸಾರ್," ಎಂದು ಅಧಿಕಾರಿಗೆ ಹೇಳಿ ನನ್ನತ್ತ ತಿರುಗಿದಿರಿ. "ಡಾಕ್ಟ್ರಮ್ಮ, ನೀವಾದ್ರೂ ಹೇಳಿ!"

ಬಾಗಿಲ ಕೆಳಗಿನ ಹಲಗೆಯನ್ನು ಉಗುರುಗಳು ಕೆರೆದು ಕೆರೆದು ಸವೆಸಿದ್ದವು. ಮೂಲೆಯ ಗೋಣಿಚೀಲದಲ್ಲಿ ಹೆರಿಗೆಯ ರಕ್ತದ ಕಲೆ. ಎರಡನ್ನೂ ನೋಡಿದೆ. ಭಾವ ನನ್ನನ್ನೇ ನೋಡುತ್ತಿದ್ದರು. ಅಧಿಕಾರಿ ನನ್ನ ಅಭಿಪ್ರಾಯ ಕೇಳಿದರು.

"ಮನೆಯ ಒಂದೆರಡು ನಾಯಿ ಇದ್ದಿರಬಹುದು ಸಾರ್. ಮರಿ ಮಾಡಿಸಿದ ಲಕ್ಷಣ ಕಾಣುವುದಿಲ್ಲ."

ನೀವು ಒಮ್ಮೆ ನನ್ನ ಮುಖ ನೋಡಿ, ರಸ್ತೆಯ ಕಡೆ ನಡೆದಿರಿ.

ಅಂದೇ ಮಧ್ಯಾಹ್ನ ಅಕ್ಕನ ಫೋನ್ ಬಂತು: "ಬೇಗ ಬಾ, ನಾಯಿ ಒಂದೂ ಏಳ್ತಿಲ್ಲೆ." ಭಾವ ಹಿಂದಿನ ರಾತ್ರಿಯೇ ಅವುಗಳನ್ನೆಲ್ಲ ಮೀನು ಸಾಗಿಸುವ ಮುಚ್ಚಿದ ವ್ಯಾನಿಗೆ ತುಂಬಿ, ಬೈಂದೂರಿನ ಕಡಲ ಬದಿಯ ಬಿಸಿಲಿನಲ್ಲಿ ನಿಲ್ಲಿಸಿದ್ದರು. ನಾನು ಹೋಗಿ ಬಾಗಿಲು ಎಳೆದಾಗ ಬಿಸಿ ಉಸಿರಿನಂಥ ಹಬೆ ಮುಖಕ್ಕೆ ಹೊಡೆಯಿತು. ತಾಯಿನಾಯಿಗಳು ಒಂದರ ಮೇಲೊಂದು ಬಿದ್ದಿದ್ದವು. ಸತ್ತ ತಾಯಿಯ ಮೊಲೆಯನ್ನು ಒಂದು ಮರಿ ಇನ್ನೂ ಚೀಪುತ್ತಿತ್ತು. ಅದೂ ಸಂಜೆಯವರೆಗೆ ಬದುಕಲಿಲ್ಲ. ಎಲ್ಲವನ್ನೂ ಮರಳಿನಲ್ಲಿ ಹೂಳಿದೆವು. ನಾನು ಯಾರಿಗೂ ಹೇಳಲಿಲ್ಲ.

ನೀವು ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿರೆಂದು ಭಾವ ಊರೆಲ್ಲ ಹೇಳಿದರು. ಆ ರಸ್ತೆಯ ಮನೆಗಳು ನಿಮ್ಮಿಂದ ಮೀನು ಕೊಳ್ಳುವುದನ್ನು ಬಿಟ್ಟವು. ಕೊನೆಗೆ ನೀವೇ ಭಾವನ ಅಂಗಳಕ್ಕೆ ಬಂದಿರಿ. "ನಂದ್ ತಪ್ಪಾಯ್ತ್" ಎಂದಿರಿ. ನಾನು ಅಕ್ಕನ ಅಡುಗೆಮನೆಯಲ್ಲಿದ್ದೆ, ಗಿರಿಜಕ್ಕ. ಕೇಳಿಸಿತು. ಹೊರಗೆ ಬರಲಿಲ್ಲ. ವ್ಯಾನಿನ ಬಾಗಿಲಿಗಿಂತ ಆ ಗಳಿಗೆಯೇ ನನ್ನನ್ನು —

ಭಾವ ಈಗ ಬೇರೊಂದು ಕಡೆ ಮತ್ತೆ ಮರಿ ಮಾಡಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆ ಮೇಲಧಿಕಾರಿಗಳಿಗೆ ಅದನ್ನೂ ಹೇಳಿದೆ, ಅಂದು ನಾನು ಮಾಡಿದ್ದನ್ನೂ ಹೇಳಿದೆ. ನನ್ನ ಕೆಲಸ ಉಳಿಯುವುದೋ ಇಲ್ಲವೋ ಅವರಿಗೆ ಬಿಟ್ಟಿದ್ದು. ಅಕ್ಕ ಮಾತು ಬಿಟ್ಟಿದ್ದಾಳೆ.

ನಾಳೆ ಹಾಲಾಡಿ ರಸ್ತೆಗೆ ಹೋಗುತ್ತೇನೆ. ನೀವು ಮೀನು ಕೊಡುತ್ತಿದ್ದ ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ಸುಳ್ಳು ಯಾರದೆಂದು ಹೇಳುತ್ತೇನೆ. ನೀವು ಜೊತೆಗೆ ಬರಬೇಕಾಗಿಲ್ಲ. ನನ್ನನ್ನು ಕ್ಷಮಿಸಬೇಕಾಗಿಯೂ ಇಲ್ಲ.